ಕಂಚುಗಾರರ ತಿರುವಿನ ಗೋಡೆ

ರೇಸಿನ ವಾರ ಶುರುವಾದ ದಿನ ನಮ್ಮ ಮನೆಯ ಬಾಗಿಲಿಗೆ ಯಾರೋ ಒಂದು ಸುಣ್ಣದ ಕುಂಚ ಒರಗಿಸಿಟ್ಟು ಹೋಗಿದ್ದರು. ಮಾರನೆಯ ದಿನ ಇನ್ನೆರಡು ಇದ್ದವು. ಯಾರೂ ಏನೂ ಹೇಳಲಿಲ್ಲ. ಹೇಳುವಂತಿಲ್ಲ. ಈ ಊರಿನಲ್ಲಿ ರೇಸಿನಲ್ಲಿ ತೀರಿಕೊಂಡವನ ಮನೆಯ ಗೋಡೆಗೆ ಮೊದಲ ವರ್ಷ ಅವನ ಹೆಂಡತಿಯೇ ಸುಣ್ಣ ಹೊಡೆಯಬೇಕು. ಆ ಕೆಲಸಕ್ಕೆ ಬೇರೆಯವರು ಕೈ ಹಾಕಬಾರದು. ಹೊಡಿ ಎಂದು ಅವಳಿಗೆ ಯಾರೂ ಹೇಳಲೂಬಾರದು. ಹಾಗಾಗಿ ಕುಂಚ ಇಟ್ಟು ಹೋಗುತ್ತಾರೆ.

ನಾನು ಈ ಊರಿನವಳಲ್ಲ, ಮದುವೆಯಾಗಿ ಬಂದವಳು. ನಾನು ಹುಟ್ಟಿದ ಊರಿನ ಗೋಡೆಗಳು ಸುಮ್ಮನಿರುತ್ತವೆ. ಇಲ್ಲಿನವು ರೇಸಿನ ಶಬ್ದವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮಾತು, ಹಾಡು, ಅಳು ಯಾವುದೂ ಅವಕ್ಕೆ ಹತ್ತುವುದಿಲ್ಲ, ಅಷ್ಟು ಸಣ್ಣ ಶಬ್ದ ಸಾಲದು. ವರ್ಷಕ್ಕೊಮ್ಮೆ ಶುಕ್ರವಾರದಿಂದ ಭಾನುವಾರದವರೆಗೆ ಕೋಟೆ ಬಾಗಿಲಿನಿಂದ ಹೊರಟು, ಗಡಿಯಾರದ ಕಂಬ, ಹಳೇ ಕಚೇರಿ, ಕಂಚುಗಾರರ ಬೀದಿಗಳನ್ನು ಬಳಸಿ ಮತ್ತೆ ಕೋಟೆ ಬಾಗಿಲು ಸೇರುವ ದಾರಿಯಲ್ಲಿ ಕಾರುಗಳು, ಇಲ್ಲಿಯವರ ಬಾಯಲ್ಲಿ ಗಾಡಿಗಳು, ಓಡುತ್ತವೆ. ಎರಡು ಗಾಡಿ ಒಟ್ಟಿಗೆ ಹಾಯಲು ಕಷ್ಟಪಡುವ ಬೀದಿಗಳು. ಆ ಮೂರು ದಿನದ ಶಬ್ದ ಎರಡೂ ಬದಿಯ ಗೋಡೆಗಳಿಗೆ ಇಳಿಯುತ್ತದೆ. ಆಮೇಲೆ ವರ್ಷವಿಡೀ ಅಷ್ಟಷ್ಟಾಗಿ ಹೊರಗೆ ಬರುತ್ತಿರುತ್ತದೆ, ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ. ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಭೂಗರ್ಭಶಾಸ್ತ್ರ. ಬಂದ ಹೊಸದರಲ್ಲಿ ಹಿತ್ತಲಿನ ಗೋಡೆಯಿಂದ ಬಿದ್ದ ಒಂದು ಕಲ್ಲನ್ನು ಒಡೆದು ನೋಡಿದೆ. ಒಳಗೂ ಕಲ್ಲೇ ಇತ್ತು.

ಜನ ಹೊಂದಿಕೊಂಡಿದ್ದಾರೆ. ರೇಸಿನ ದಾರಿಯ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿಯನ್ನು ಗೋಡೆಯ ಗೂಡಿನಲ್ಲಿ ಇಡುವುದಿಲ್ಲ, ಅದುರಿ ಬೀಳುತ್ತದೆ. ನೇರ ಬೀದಿಯ ಮನೆಗಳ ಗೋಡೆ ವರ್ಷವಿಡೀ ಕಿರುಚುವುದರಿಂದ ಅಲ್ಲಿಗೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಾರೆ. ತಿರುವುಗಳಲ್ಲಿ ಗಾಡಿಗಳು ಬ್ರೇಕು ಹಾಕಿ ಗೇರು ಇಳಿಸುವುದರಿಂದ ಅಲ್ಲಿಯ ಮನೆಗಳ ಶಬ್ದ ಮೆತ್ತಗೆ, ಗೊರಕೆಯ ಹಾಗೆ. ನಮ್ಮದು ಕಂಚುಗಾರರ ತಿರುವಿನ ಮನೆ. ನನ್ನನ್ನು ಇಲ್ಲಿಗೆ ಕೊಟ್ಟಾಗ ಬೀಗರ ಕಡೆಯವರೊಬ್ಬರು, "ಪುಣ್ಯವಂತೆ ಬಿಡಿ, ನಿದ್ದೆಗೆ ಮೋಸ ಇಲ್ಲ," ಅಂದಿದ್ದರು.

ರೇಸಿಗೆ ಮುಂಚೆ ಎಲ್ಲರೂ ಗೋಡೆಗೆ ಎರಡು ಕೈ ಸುಣ್ಣ ಹೊಡೆಯುತ್ತಾರೆ. ಹಳೆಯ ಶಬ್ದ ಅದರಡಿ ಸತ್ತುಹೋಗುತ್ತದೆ. ಹೊಡೆಯದಿದ್ದರೆ ಹೊಸ ಗಾಡಿ ಹಾದ ಅದುರಾಟಕ್ಕೆ ಹಳೆಯ ಗಾಡಿಯ ಶಬ್ದ ಅಷ್ಟೂ ಹೊರಗೆ ಬರುತ್ತದೆ. ನಮ್ಮ ತಿರುವಿನಲ್ಲಿ ಮುಂದಿನ ಗಾಡಿ ಕಾಣುವುದಿಲ್ಲ. ಅದು ಎಲ್ಲಿ ವೇಗ ಇಳಿಸಿತು ಎಂದು ಕೇಳಿಸಿಕೊಂಡೇ ಹಿಂದಿನವನು ಬ್ರೇಕು ಹಾಕಬೇಕು. ಹೋದ ವರ್ಷದ ಗಾಡಿ ಯಾವುದು, ಈ ವರ್ಷದ್ದು ಯಾವುದು ಎಂದು ಆಗ ಯಾರಿಗೂ ತಿಳಿಯದು.

ನನ್ನ ಗಂಡ ಸುಧನ್ವ ಹೋದ ವರ್ಷ ಈ ತಿರುವಿನಲ್ಲೇ ಹೋದ. ನಾನು ಮಹಡಿಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಗಾಡಿ ಎದುರು ಮನೆಯ ಜಗಲಿಗೆ ಹೊಡೆದಿತ್ತು. ಬ್ರೇಕು ಕೈಕೊಟ್ಟಿತು ಎಂದು ಎಲ್ಲರೂ ಹೇಳಿದರು. ನಾನು ಹೂಂ ಅಂದೆ. ಶಬ್ದ ನಮ್ಮ ಗೋಡೆಗೆ ಇಳಿದಿತ್ತು. ಆಮೇಲೆ ವರ್ಷವಿಡೀ, ನಾನು ಹುರುಳಿಕಾಯಿ ಹೆಚ್ಚುವಾಗ, ತಲೆ ಬಾಚುವಾಗ, ಬಾಗಿಲ ಪಕ್ಕದಿಂದ ಅದರ ಒಂದೊಂದು ಚೂರು ಬರುತ್ತಿತ್ತು. ಅತ್ತೆ ಪದ್ಮಲತಾ ಹಾಸಿಗೆಯನ್ನು ಹಿಂದಿನ ಕೋಣೆಗೆ ಸಾಗಿಸಿಕೊಂಡರು. ನಾನು ಇದ್ದಲ್ಲೇ ಇದ್ದೆ. ನಾನು ಅಳದಿರುವುದು ಬೀದಿಯವರಿಗೆ ಕಷ್ಟವಾಗಿತ್ತು. ನನಗೆ ಹಾಗೇನೂ ಅನ್ನಿಸಿರಲಿಲ್ಲ. ಸುಣ್ಣ ಹೊಡೆಯಬಾರದೆಂದು ನಾನು ತೀರ್ಮಾನ ಮಾಡಿರಲಿಲ್ಲ. ಬೆಳಿಗ್ಗೆ ಎದ್ದು ಕುಂಚಗಳನ್ನು ಪಕ್ಕಕ್ಕೆ ಸರಿಸಿ ಬಾಗಿಲು ಗುಡಿಸುತ್ತಿದ್ದೆ, ಅಷ್ಟೇ.

ಗುರುವಾರ ಫಿಲೋಮಿನಾ ಟೀಚರ್ ಬಂದರು. ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಈಗ ರೇಸು ಸಮಿತಿಯ ಪರವಾಗಿ ದಾರಿಯ ಗೋಡೆಗಳಿಗೆ ಕಿವಿಯಿಟ್ಟು ಕೇಳುತ್ತಾರೆ. ಗೋಡೆ ಸುಮ್ಮನಿದ್ದರೆ ಅದರ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಸೀಟಿ ಇನ್ನೂ ಕೊರಳಲ್ಲೇ ಇತ್ತು.

"ಬಿಸಿಲು ಚೆನ್ನಾಗಿದೆ ಅಲ್ವೇನಮ್ಮ ಮೇದಿನಿ?" ಅಂದರು.

"ಹೌದು ಟೀಚರ್."

"ಇಂಥ ಬಿಸಿಲಿಗೆ ಏನು ಹಚ್ಚಿದ್ರೂ ಬೇಗ ಒಣಗುತ್ತೆ. ಹಪ್ಪಳ, ಸಂಡಿಗೆ... ಏನು ಬೇಕಾದ್ರೂ."

"ಈ ಸಲ ಹಪ್ಪಳ ಮಾಡಿಲ್ಲ."

ಅವರು ಅತ್ತೆಯ ಮುಖ ನೋಡಿದರು. ಅತ್ತೆ ಕಾಫಿ ತರುತ್ತೇನೆಂದು ಒಳಗೆ ಹೋದರು. ಟೀಚರ್ ಗೋಡೆಗೆ ಬಲಗಿವಿ ಒತ್ತಿ ನಿಂತರು. ಮೆಟ್ಟಿಲ ಮೇಲೆ ನಿಂತಿದ್ದ ನನಗೇ ಗಾಡಿಯ ಶಬ್ದ ಕೇಳುತ್ತಿತ್ತು. ಅವರು ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ನೆಟ್ಟಗಾಗಿ, "ಈಚೆಗೆ ನನ್ನ ಎಡಗಿವಿ ಸುಖವಿಲ್ಲ ಕಣಮ್ಮ. ಏನೂ ಕೇಳಿಸಲಿಲ್ಲಪ್ಪ ನನಗೆ," ಅಂದು ನೀಲಿ ಗೆರೆ ಎಳೆದರು. ಕಾಫಿ ಕುಡಿಯದೆ ಹೋದರು.

ಶುಕ್ರವಾರ ಬೀದಿಗೆ ಹುಲ್ಲಿನ ಪಿಂಡಿ, ಹಳೇ ಟೈರು ಬಂದವು. ಹೊರಗಿನವರು ಮಾಳಿಗೆಗಳ ಮೇಲೆ ಕೊಡೆ ಹಿಡಿದು ಕೂತರು. ಎದುರು ಮನೆಯವರು ಬಿದ್ದ ಜಗಲಿಯನ್ನು ಹೊಸದಾಗಿ ಕಟ್ಟಿಸಿ, ಅದರ ಮೇಲೆ ಮಂಡಕ್ಕಿ ಮೆಣಸಿನಕಾಯಿಯ ಅಂಗಡಿ ಹೂಡಿದ್ದರು. ಬೆಳಿಗ್ಗೆಯಿಂದ ಗಾಡಿಗಳು ಅಭ್ಯಾಸಕ್ಕೆ ಓಡಿದವು. ನಮ್ಮ ಮನೆ ಹತ್ತಿರವಾಗುತ್ತಿದ್ದಂತೆ ಎಲ್ಲರೂ ಬೇಕಾದ್ದಕ್ಕಿಂತ ಮೊದಲೇ ಬ್ರೇಕು ಹಾಕಿ ನಿಧಾನವಾಗಿ ತಿರುಗುತ್ತಿದ್ದರು. ಅವರಿಗೆ ಆ ಗೋಡೆ ಗೊತ್ತಿತ್ತು. ಒಬ್ಬ ಮಾತ್ರ ಹಾಗೆ ಮಾಡಲಿಲ್ಲ. ಅವನು ಸುಧನ್ವನ ತಮ್ಮ ಯಶೋಧರ.

ಸಂಜೆ ಅವನು ಮನೆಗೆ ಬಂದ. ರೇಸಿನ ಮೂರು ದಿನ ಅವನು ಗಾಡಿಗಳ ಷೆಡ್ಡಿನಲ್ಲೇ ಇರಬೇಕು, ಆದರೂ ಬಂದ. ಹಣೆಯ ಮೇಲೆ ಹೆಲ್ಮೆಟ್ಟಿನ ಗುರುತು ಕೆಂಪಗಿತ್ತು. ಎರಡು ಲೋಟ ನೀರು ಕುಡಿದು ಮೆಟ್ಟಿಲ ಮೇಲೆ ಕೂತ.

"ಅತ್ತಿಗೆ, ಒಂದು ಮಾತು. ಈ ಗೋಡೆಗೆ ಸುಣ್ಣ ಹೊಡೀಬೇಡಿ."

ಹೊಡಿ ಎಂದು ಹೇಳಬಾರದೆಂದು ನಿಯಮವಿದೆ. ಹೊಡೀಬೇಡ ಎನ್ನುವುದರ ಬಗ್ಗೆ ಯಾರೂ ಯೋಚಿಸಿರಲಿಲ್ಲ.

"ಯಾಕೆ?" ಅಂದೆ.

"ಇಲ್ಲಿಗೆ ಬರ್ತಿದ್ದ ಹಾಗೆ ಸುಧಣ್ಣ ಎಡಗಡೆ ಬಂದು ಸೇರ್ಕೊಳ್ತಾನೆ. ಅದೇ ಗಾಡಿ, ಅದೇ ನಾಲ್ಕನೇ ಗೇರು. ಮೈಯೆಲ್ಲ ಜುಂ ಅನ್ನುತ್ತೆ ಅತ್ತಿಗೆ. ಚಿಕ್ಕೋರಿದ್ದಾಗಿಂದ ಅವನನ್ನ ಹಿಂದೆ ಹಾಕೋಕೆ ಆಗ್ಲಿಲ್ಲ ನಂಗೆ. ಸೈಕಲ್ಲಲ್ಲೂ ಇಲ್ಲ, ಈಜಲ್ಲೂ ಇಲ್ಲ. ಇವತ್ತು ಬೆಳಿಗ್ಗೆ ಬಾಲ ಹಿಡಿದೆ ನೋಡಿ."

"ನೀನು ಎಲ್ಲಿ ಬ್ರೇಕು ಹಾಕಿದೆ?"

"ಎಲ್ಲರಿಗಿಂತ ತಡವಾಗಿ." ನಕ್ಕ. "ಅವನಿಗಿಂತ ಮೊದಲು."

"ಅವನು ಎಲ್ಲಿ ಹಾಕಿದ?"

"ಅದೇ ಗೊತ್ತಾಗ್ತಿಲ್ಲ. ಅಷ್ಟರಲ್ಲಿ ನಾನು ಹಾಕಿರ್ತೀನಲ್ಲ, ನನ್ನ ಗಾಡಿ ಶಬ್ದವೇ ಮೇಲೆ ಬೀಳುತ್ತೆ. ನಾಳೆ ಇನ್ನೂ ಸ್ವಲ್ಪ ತಡ ಮಾಡ್ತೀನಿ. ಅವನು ಹಾಕೋ ತನಕ ನಾನು ಹಾಕಲ್ಲ. ಆಗ ಸರಿಯಾಗಿ ಕೇಳಿಸುತ್ತೆ."

"ಬ್ರೇಕು ಕೈಕೊಟ್ಟಿತು ಅಂತಾರಲ್ಲ."

"ಕೈಕೊಟ್ಟರೂ ಒತ್ತಿರ್ತಾನಲ್ಲ ಅತ್ತಿಗೆ. ಒತ್ತೋಕೆ ಮುಂಚೆ ಆಕ್ಸಿಲರೇಟರ್ ಬಿಡಬೇಕು. ಅದು ಗೋಡೇಲಿ ಇದ್ದೇ ಇರುತ್ತೆ."

ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ಒಳಗೆ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು. ಯಶೋಧರ ಎದ್ದು ಗೋಡೆಯನ್ನು ಎಮ್ಮೆಯ ಬೆನ್ನಿನ ಹಾಗೆ ತಟ್ಟಿ, ಷೆಡ್ಡಿಗೆ ಹೋದ.

ಅವನು ಹೋದ ಮೇಲೆ ನಾನು ಗೋಡೆಗೆ ಕಿವಿ ಇಟ್ಟೆ. ಒಂದು ವರ್ಷದಿಂದ ಇಟ್ಟಿರಲಿಲ್ಲ. ಇಡೀ ಶಬ್ದ ಬರುವವರೆಗೆ ಕಾಯಬೇಕಾಯಿತು. ನನಗೆ ಗಾಡಿಗಳ ಬಗ್ಗೆ ಹೆಚ್ಚು ತಿಳಿಯದು, ಆದರೆ ತಿರುವಿನ ಮನೆಯಲ್ಲಿ ಬಾಳಿದವರಿಗೆ ಗೇರು ಇಳಿಯುವುದು ಗೊತ್ತಾಗುತ್ತದೆ. ಇದು ಇಳಿಯಲಿಲ್ಲ. ಒಂದೇ ಸಮನೆ ಏರುತ್ತಾ ಬಂತು, ಬಂತು, ಆಮೇಲೆ ಇರಲಿಲ್ಲ. ನಡುವೆ ಒಂದು ಉಸಿರಿನಷ್ಟೂ ತಗ್ಗಲಿಲ್ಲ. ಸುಧನ್ವ ಆಕ್ಸಿಲರೇಟರಿನಿಂದ ಕಾಲು ತೆಗೆದಿರಲೇ ಇಲ್ಲ. ಅವನು ಬ್ರೇಕು ಹಾಕುವುದನ್ನು ಕಾಯುತ್ತಾ ಹೋದವನು ಎದುರು ಜಗಲಿಯವರೆಗೂ ಕಾಯಬೇಕಾಗುತ್ತದೆ.

ಇನ್ನೂ ಒಂದು ಶಬ್ದವಿತ್ತು. ಕರೆಂಟಿನ ಮೀಟರ್ ಪೆಟ್ಟಿಗೆಯ ಕಡೆಯಿಂದ, ತೆಳ್ಳಗೆ, ಹೊಲಿಗೆ ಮಿಷನ್ನಿನ ಹಾಗೆ. ಅದು ಸುಧನ್ವನ ಗಾಡಿಯದಲ್ಲ. ಸ್ವಲ್ಪ ಮುಂದೆ ಮುಂದೆ ಓಡುತ್ತಿತ್ತು.

ಶನಿವಾರ ಬೆಳಿಗ್ಗೆ ಷೆಡ್ಡಿಗೆ ಹೋಗಿ ಯಶೋಧರನನ್ನು ಕರೆದು ಹೇಳಿದೆ. "ಅವನು ಬ್ರೇಕು ಹಾಕಿಲ್ಲ. ನಾನು ಕೇಳಿದೆ."

ಅವನು ಗ್ಲೌಸು ಹಾಕಿಕೊಳ್ಳುತ್ತಿದ್ದ. "ಸುಧಣ್ಣ ಹಾಕದೇ ಇರ್ತಾನಾ? ಏನು ಹೇಳ್ತಿದೀರಿ ಅತ್ತಿಗೆ? ನಿಮಗೆ ಶಬ್ದ ಗೊತ್ತಾಗಲ್ಲ ಬಿಡಿ. ನಿಮ್ಮೂರಿನ ಗೋಡೆಗಳೆಲ್ಲ ಕಿವುಡು."

ಸುತ್ತ ಇದ್ದ ಹುಡುಗರು ನಕ್ಕರು. ನಾನು ಮನೆಗೆ ಬಂದೆ.

ಬೆಳಗಿನ ಓಟದ ಮೇಲೆ, ಭಾನುವಾರ ಗಾಡಿಗಳು ಹೊರಡುವ ಸಾಲು ಮಧ್ಯಾಹ್ನ ಗೊತ್ತಾಯಿತು. ಯಶೋಧರ ಎಲ್ಲರಿಗಿಂತ ಮುಂದೆ. ನಮ್ಮ ತಿರುವಿನಲ್ಲೇ ಉಳಿದವರನ್ನು ಹಿಂದೆ ಹಾಕಿದ್ದ. ಎದುರು ಮನೆಯವರು ಜಿಲೇಬಿ ಕಳಿಸಿದರು. ಅತ್ತೆ ಜಿಲೇಬಿಯ ತಟ್ಟೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅದರ ಮೇಲೆ ಇರುವೆ ಹತ್ತಿದವು. ಅವರು ನೋಡಲಿಲ್ಲ.

"ಅತ್ತೆ, ಮೀಟರ್ ಪೆಟ್ಟಿಗೆ ಹಿಂದೆ ಇರೋದು ಯಾರ ಗಾಡಿ?" ಎಂದು ಕೇಳಿದೆ.

ಅವರು ತಟ್ಟೆಯನ್ನು ಸರಿಸಿದರು. "ನಿಮ್ಮ ಮಾವಂದು."

ಮಾವ ಹಾಸಿಗೆಯಲ್ಲೇ ತೀರಿಕೊಂಡವರು, ನಾನು ಬರುವುದಕ್ಕೆ ಮೊದಲೇ. ಅವರೂ ರೇಸು ಓಡಿಸಿದವರು, ಒಂದು ಸಲ ಗೆದ್ದವರು.

"ಗೆದ್ದ ವರ್ಷದ್ದು," ಅಂದರು ಅತ್ತೆ. "ಗೋಡೆಗೆಲ್ಲ ನಾನೇ ಸುಣ್ಣ ಹೊಡೆದೆ. ಅಲ್ಲೊಂದು ಅಂಗೈಯಗಲ ಬಿಟ್ಟೆ. ಆಮೇಲೆ ಅದರ ಮೇಲೆ ಪೆಟ್ಟಿಗೆ ಹಾಕಿಸಿದೆ. ವರ್ಷಾ ವರ್ಷಾ ಬಿಡ್ತಾ ಬಂದೆ. ಯಾರಿಗೂ ಕೇಳಿಸ್ತಿರಲಿಲ್ಲ, ಅಷ್ಟು ಸಣ್ಣದು. ಮಕ್ಕಳಿಗೆ ಮಾತ್ರ ಗೊತ್ತಿತ್ತು. ಸುಧನ್ವ ಸ್ಕೂಲಿಂದ ಬಂದವನೇ ಅಲ್ಲಿ ಕಿವಿ ಇಟ್ಟು ನಿಂತುಬಿಡೋನು. ಅಮ್ಮ, ಅಪ್ಪ ಎಷ್ಟು ತಡವಾಗಿ ಬ್ರೇಕು ಹಾಕ್ತಾರೆ ಅನ್ನೋನು."

ತಟ್ಟೆಯನ್ನು ಇನ್ನಷ್ಟು ದೂರ ತಳ್ಳಿದರು. "ಅವರದು ಸಣ್ಣ ಗಾಡಿ ಕಣೇ. ತಗಡಿನ ಡಬ್ಬಿ. ಗೋಡೆ ಹತ್ರ ಬಂದು ಹಾಕಿದ್ರೂ ನಿಲ್ಲೋದು. ಇವನದು ಆನೆ. ಹೋದ ವರ್ಷ ಹೊಸ ಗಾಡಿ ಬಂತಲ್ಲ, ಅದರಲ್ಲಿ ಅವರನ್ನ ಮುಟ್ಟೋ ಅಷ್ಟು ಜೋರು ಬಂತು. ಅವರು ಹಾಕಲಿ ಆಮೇಲೆ ನಾನು ಹಾಕ್ತೀನಿ ಅಂತ ಕಾದಿದಾನೆ. ಬ್ರೇಕು ಕೈಕೊಡಲಿಲ್ಲ. ಆ ಮೆಕ್ಯಾನಿಕ್ಕು ಹುಡುಗರ ಮೇಲೆ ಸುಮ್ಮನೆ ಮಾತು ಬಂತು. ನಾನು ಬಾಯಿ ಬಿಡಲಿಲ್ಲ."

ಅತ್ತೆಯ ಮೇಲೆ ನನಗೆ ಸಿಟ್ಟು ಬರಬೇಕಿತ್ತು ಎಂದು ತಿಳಿದಿತ್ತು. ಇರುವೆಗಳ ಸಾಲು ಚಾಪೆಯ ಅಂಚಿಗೆ ಬಂದಿತ್ತು.

ಅತ್ತೆ ಎದ್ದು ನನ್ನ ಎದುರು ಬಂದು ಕೂತರು. ಎರಡೂ ಕೈಯಿಂದ ನನ್ನ ಮೊಣಕಾಲು ಹಿಡಿದರು. "ಮೇದಿನಿ, ಹೇಳಬಾರದು. ಆದ್ರೂ ಹೇಳ್ತೀನಿ. ನನ್ನ ಪಾಪಕ್ಕೆ ಇದೂ ಒಂದು ಸೇರಲಿ. ಸುಣ್ಣ ಹೊಡಿ. ನನಗಿರೋದು ಇವನೊಬ್ಬ."

"ಹೊಡೆದರೆ ಸುಧನ್ವನದು ಹೋಗುತ್ತೆ," ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯವಾಯಿತು. ಅದು ಬೇಕು ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿರಲಿಲ್ಲ. ಅವನ ದನಿ ನನ್ನ ಬಳಿ ಎಲ್ಲೂ ಇರಲಿಲ್ಲ. ಗೋಡೆ ದನಿ ಹಿಡಿಯುವುದಿಲ್ಲ. ಇದ್ದದ್ದು ಅವನ ಗಾಡಿಯ ಅಷ್ಟು ಶಬ್ದ, ಅದೂ ಕೊನೆಯದು.

"ಹೋಗುತ್ತೆ," ಅಂದರು ಅತ್ತೆ.

ಸಂಜೆ ನಾನು ಸುಣ್ಣದ ಕಲ್ಲು ನೆನೆಹಾಕಿದೆ. ಹಂಡೆಯಲ್ಲಿ ಅದು ಕುದಿದು ಬಿರಿದು ಹೊಗೆಯಾಡಿತು. ಸ್ವಲ್ಪ ನೀಲಿ ಬೆರೆಸಿದೆ. ಬಾಗಿಲಲ್ಲಿದ್ದ ಕುಂಚಗಳಲ್ಲಿ ಹಿಡಿ ಗಟ್ಟಿಯಾಗಿದ್ದ ಒಂದನ್ನು ಆರಿಸಿಕೊಂಡೆ.

ಭಾನುವಾರ ಬೆಳಕು ಹರಿಯುತ್ತಿದ್ದಂತೆ ಏಣಿ ಇಟ್ಟು ಮೇಲಿನಿಂದ ಶುರುಮಾಡಿದೆ. ನನಗೆ ಯಾರೂ ಹೇಳಿರಲಿಲ್ಲ, ಒದ್ದೆಯಾದರೆ ಗೋಡೆ ಇನ್ನೂ ಜೋರಾಗಿ ಕೂಗುತ್ತದೆ. ಮಳೆಗಾಲ ನೋಡಿದ್ದ ನನಗೆ ತಿಳಿಯಬೇಕಿತ್ತು. ಮೊದಲ ಕೈ ಅರ್ಧ ಆಗುವಷ್ಟರಲ್ಲಿ ಸುಧನ್ವನ ಗಾಡಿ ಬೀದಿಯುದ್ದಕ್ಕೂ ಕೇಳುತ್ತಿತ್ತು. ಹಳೇ ಕಚೇರಿಯ ಕಡೆಯಿಂದ ಏರುತ್ತಾ ಬಂದು, ನನ್ನ ಕೈಯ ಕೆಳಗೆ ನಿಂತುಹೋಗುತ್ತಿತ್ತು. ಮತ್ತೆ ಬರುತ್ತಿತ್ತು. ಜನ ಹಾಸಿಗೆಯಿಂದೆದ್ದು ಮಾಳಿಗೆಗೆ ಬಂದರು. ಮಂಡಕ್ಕಿ ಅಂಗಡಿಯವನು ಒಲೆ ಹಚ್ಚದೆ ನಿಂತ. ಫಿಲೋಮಿನಾ ಟೀಚರ್ ಬೀದಿಯ ತುದಿಯಲ್ಲಿ ಬಂದು ನಿಂತು, ಈ ಕಡೆ ಬರುತ್ತಿದ್ದವರನ್ನು ಸೀಟಿ ಊದದೆ, ಕೈಯಿಂದಲೇ ತಡೆದರು.

ಶಬ್ದ ಕೇಳಿ ಯಶೋಧರ ಓಡಿಬಂದ. ಅಂಗಿಯ ಗುಂಡಿ ಹಾಕಿರಲಿಲ್ಲ.

"ಅತ್ತಿಗೆ, ನಿಲ್ಲಿಸಿ! ಇವತ್ತೊಂದು ದಿನ. ಸಂಜೆ ನಾನೇ ತಂದುಕೊಡ್ತೀನಿ ಸುಣ್ಣ."

ನಾನು ಕುಂಚ ಅದ್ದಿದೆ.

"ಅವನು ನಂಗೆ ಅಣ್ಣ ಅತ್ತಿಗೆ! ನಿಮಗೆ ಎಷ್ಟು ವರ್ಷದ ಗಂಡ? ನೀವು ಅತ್ತಿದ್ದೂ ಇಲ್ಲ, ಒಂದು ಹನಿ!"

ಬೀದಿಯಲ್ಲಿ ಯಾರೋ, "ಏ ಯಶೋಧರ, ನಾಲಿಗೆ," ಅಂದರು. ಅವನಿಗೆ ಏಣಿ ಎಳೆಯುವಷ್ಟು ಸಿಟ್ಟು ಬಂದಿತ್ತು, ಎರಡೂ ಕೈ ಮುಂದೆ ಚಾಚಿದ್ದ. ಎಳೆಯುವಂತಿರಲಿಲ್ಲ. ಆ ದಿನ ಆ ಗೋಡೆ ನನ್ನದಾಗಿತ್ತು. ನಾನು ಬಳಿಯುತ್ತಿದ್ದೆ, ಅವನು ಕೆಳಗೆ ನಿಂತಿದ್ದ. ಸುಣ್ಣದ ಹನಿಗಳು ಅವನ ತಲೆಯ ಮೇಲೆ ಬಿದ್ದವು. ಗಾಡಿ ಬರುತ್ತಿತ್ತು, ನಿಲ್ಲುತ್ತಿತ್ತು. ಕಾಲು ತೆಗೆದ ಶಬ್ದಕ್ಕಾಗಿ ಅವನು ಕಿವಿಗೊಟ್ಟಿದ್ದು ಕಂಡಿತು. ಅಷ್ಟು ಜೋರಾಗಿದ್ದಾಗಲೂ ಅದು ಸಿಗಲಿಲ್ಲ. ಅದು ಅವನಿಗೆ ತಿಳಿಯಿತೇ ಇಲ್ಲವೇ, ಮುಖ ನೋಡಿ ನನಗೆ ಹೇಳಲಾಗಲಿಲ್ಲ. ತಿರುಗಿ ಹೊರಟುಹೋದ.

ಮೀಟರ್ ಪೆಟ್ಟಿಗೆಯ ಹತ್ತಿರ ಬಂದಾಗ ಕೈ ನಿಂತಿತು. ಅತ್ತೆ ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು. ಮುಂದೆ ಬಂದು, ಗೋಡೆಗೆ ಬೆರಳು ತಾಗದಂತೆ ಪೆಟ್ಟಿಗೆಯ ಹಲಗೆಯನ್ನು ಸಡಿಲಿಸಿ ಎತ್ತಿಹಿಡಿದರು. ಹಿಂದೆ ಅಂಗೈಯಗಲದ ಹಳದಿ ಗಾರೆ ಇತ್ತು.

"ಅಲ್ಲೂ," ಅಂದರು.

ಬಳಿದೆ. ಹೊಲಿಗೆ ಮಿಷನ್ನಿನ ಆ ಶಬ್ದ ಒಮ್ಮೆ ಜೋರಾಗಿ ಕೇಳಿತು, ಗೇರು ಇಳಿಯಿತು, ತಿರುವು ದಾಟಿ ಹೋಯಿತು. ಅತ್ತೆ ಹಲಗೆ ಹಿಡಿದುಕೊಂಡೇ ಕಣ್ಣು ಮುಚ್ಚಿದ್ದರು.

ಎರಡನೇ ಕೈ ಹೊಡೆಯುವಾಗ ಸುಧನ್ವನ ಗಾಡಿ ದೂರವಾಗಿತ್ತು. ಪಕ್ಕದ ಬೀದಿಯಲ್ಲಿ ಹೋಗುತ್ತಿರುವ ಹಾಗೆ, ಆಮೇಲೆ ಕೆರೆಯ ಆಚೆ ಎಲ್ಲೋ. ಕೊನೆಗೆ ಬರಿಯ ಕುಂಚದ ಸದ್ದು. ನಾನು ಏಣಿಯಿಂದ ಇಳಿದೆ. ಕೈ ಉರಿಯುತ್ತಿತ್ತು. ಟೀಚರ್ ಬಂದು ಒದ್ದೆ ಗೋಡೆಗೇ ಕಿವಿಯಿಟ್ಟರು. ಕೆನ್ನೆಯೆಲ್ಲ ಬೆಳ್ಳಗಾಯಿತು. ಹಳೆಯ ನೀಲಿ ಗೆರೆ ಸುಣ್ಣದಡಿ ಹೋಗಿತ್ತು. ಹೊಸದೊಂದು ಎಳೆದರು.

ರೇಸು ಶುರುವಾಯಿತು. ನಾನು ಮತ್ತು ಅತ್ತೆ ನಡುಮನೆಯಲ್ಲಿ ಕೂತಿದ್ದೆವು. ಕೋಟೆ ಬಾಗಿಲಲ್ಲಿ ಗಾಡಿಗಳು ಹೊರಟ ಶಬ್ದ ಕೇಳಿತು. ಗಡಿಯಾರದ ಕಂಬ. ಹಳೇ ಕಚೇರಿ. ಕಂಚುಗಾರರ ಬೀದಿಗೆ ಮೊದಲು ಬಂದದ್ದು ಯಶೋಧರನ ಗಾಡಿ ಎಂದು ಅತ್ತೆಯ ಮುಖದಿಂದ ತಿಳಿಯಿತು. ಅದು ಏರುತ್ತಾ ಬಂತು. ಬಾಗಿಲ ಚಿಲಕ ಅದುರಿತು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಇನ್ನೂ ಏರಿತು. ನಿನ್ನೆ ಅವನು ಬ್ರೇಕು ಹಾಕಿದ ಜಾಗಕ್ಕೆ ಇನ್ನೂ ದೂರವಿದ್ದಾಗ, ಒಮ್ಮೆಲೇ, ಶಬ್ದ ಕುಸಿಯಿತು. ಗೇರು ಇಳಿಯಿತು, ಮತ್ತೆ ಇಳಿಯಿತು, ಟೈರುಗಳು ಕಿರುಚಿದವು. ಹಿಂದಿದ್ದ ಗಾಡಿಗಳು ಒಂದರ ಹಿಂದೊಂದು ಅವನನ್ನು ದಾಟಿ ಹೋದವು. ಬಹಳ ಹೊತ್ತಿನ ನಂತರ ಅವನದು ಮೆಲ್ಲಗೆ ತಿರುವು ತಿರುಗಿತು.

ಎಲ್ಲರಿಗಿಂತ ಹಿಂದೆ ಮುಗಿಸಿದ. ಸಂಜೆ ಮನೆಗೆ ಬಂದು ಗೋಡೆಯನ್ನು ನೋಡದೆ ಒಳಗೆ ಹೋದ. ನಾನು ಊಟಕ್ಕೆ ತಣಿಗೆ ಹಾಕಿದೆ. ಅವನ ತಲೆಯಲ್ಲಿ ಇನ್ನೂ ಸುಣ್ಣವಿತ್ತು.

"ಏನೂ ಕೇಳಿಸಲಿಲ್ಲ," ಅಂದ, ತಣಿಗೆಗೆ ಹೇಳುವ ಹಾಗೆ. "ಬರೀ ನಾನು. ಹೆದರಿಕೆ ಆಯ್ತು. ಒತ್ತಿಬಿಟ್ಟೆ."

ಅತ್ತೆ ಅನ್ನ ಬಡಿಸಿದರು. ಅವನು ನನ್ನ ಕಡೆ ನೋಡದೆ ಉಂಡ. ಎರಡನೇ ಸಲ ಸಾರು ಹಾಕಿಸಿಕೊಂಡ.

ಅದಾದ ಮೇಲೆ ಬಹಳ ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಏನು ಬೇಕಿದ್ದರೂ ಅಮ್ಮನಿಗೆ ಹೇಳುತ್ತಿದ್ದ, ನಾನು ಎದುರಲ್ಲೇ ಇದ್ದರೂ. ಬಾಗಿಲುಗಳನ್ನು ದಡಾರನೆ ಹಾಕುತ್ತಿದ್ದ. ಅವನ ಸಿಟ್ಟು ಮನೆಯಲ್ಲಿ ಓಡಾಡಿಕೊಂಡಿತ್ತು. ಬೆಳಿಗ್ಗೆ ತಡವಾಗಿ ಏಳುತ್ತಿತ್ತು, ಉಪ್ಪು ಕಮ್ಮಿ ಎನ್ನುತ್ತಿತ್ತು, ಸ್ನಾನಕ್ಕೆ ನೀರು ಕಾಯಿತೇ ಎಂದು ಹಿತ್ತಲಿನಿಂದ ಕೂಗಿ ಕೇಳುತ್ತಿತ್ತು. ಕಾದಿದೆ ಎಂದು ನಾನು ಕೂಗಿ ಹೇಳುತ್ತಿದ್ದೆ.